ಗ್ರಿಡ್ ಬಿಟ್ಟಾಗ, ಮತ್ತೆ ಸೇರುವಾಗ: ಸಣ್ಣ ಜನರೇಟರ್‌ನ ಕಂಟ್ರೋಲ್

ಗ್ರಿಡ್‌ಗೆ ಜೋಡಿಸಿದ ಸಣ್ಣ ಜನರೇಟರ್‌ನ ಫ್ರೀಕ್ವೆನ್ಸಿ ಅದರ ಕೈಯಲ್ಲಿರುವುದಿಲ್ಲ. ಎಂಜಿನ್‌ನ ಇಂಧನ ನಿಯಂತ್ರಿಸುವ ಗವರ್ನರ್ ಅದನ್ನು ಹೆಚ್ಚಿಸಿದರೆ ವೇಗ ಏರದು, ಕಿಲೋವ್ಯಾಟ್ ಏರುತ್ತದೆ. ಎವಿಆರ್ (ವೋಲ್ಟೇಜ್ ನಿಯಂತ್ರಕ) ಎಕ್ಸೈಟೇಶನ್, ಅಂದರೆ ಜನರೇಟರ್‌ನ ಕಾಂತಕ್ಷೇತ್ರಕ್ಕೆ ಕೊಡುವ ಕರೆಂಟ್, ಹೆಚ್ಚಿಸಿದರೆ ಏರುವುದು ಬಹುಪಾಲು ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಹಿಂದೆ ಮುಂದೆ ಓಡಾಡುವ ಪವರ್). ಗ್ರಿಡ್ ಬ್ರೇಕರ್ (ಗ್ರಿಡ್‌ಗೆ ಜೋಡಿಸುವ ಸ್ವಿಚ್) ತೆರೆದು ಸಂಪರ್ಕ ಕಡಿದ ಕ್ಷಣ ಎರಡರ ಕೆಲಸವೂ ಬದಲು: ಗವರ್ನರ್ 50 ಹರ್ಟ್ಸ್ ಹಿಡಿಯಬೇಕು, ಎವಿಆರ್ ವೋಲ್ಟೇಜ್ ಕಾಯಬೇಕು.

ಹೆಚ್ಚಿನ ಎಡವಟ್ಟು ಇಲ್ಲೇ. ಗ್ರಿಡ್ ಜೊತೆಗಿರುವಾಗಲೂ ಗವರ್ನರ್ ಐಸೋಕ್ರೋನಸ್ ಮೋಡ್‌ನಲ್ಲೇ (ಲೋಡ್ ಎಷ್ಟಿದ್ದರೂ ಒಂದೇ ವೇಗ ಹಿಡಿಯುವುದು) ಉಳಿದಿದೆ ಎನ್ನಿ. ಗ್ರಿಡ್ 49.9ಕ್ಕೆ ಇಳಿದರೆ ಅದನ್ನು 50ಕ್ಕೆ ಎತ್ತಲು ಹೊರಟು ಇಂಧನ ಪೂರ್ತಿ ತೆರೆಯುತ್ತದೆ, 50.1 ಆದರೆ ಇಂಧನ ಕಡಿತವಾಗಿ ರಿವರ್ಸ್ ಪವರ್ ಟ್ರಿಪ್: ಗ್ರಿಡ್‌ನಿಂದಲೇ ಪವರ್ ಯಂತ್ರಕ್ಕೆ ಹರಿದು ಬ್ರೇಕರ್ ತೆರೆಯುತ್ತದೆ. 4% ಡ್ರೂಪ್ (ಲೋಡ್ ಸೊನ್ನೆಯಿಂದ ಪೂರ್ತಿಗೆ ಏರುವಾಗ ವೇಗ 4% ಇಳಿಯಲು ಬಿಡುವ ಹೊಂದಿಕೆ) ಇದ್ದರೆ ಅದೇ 0.1 ಹರ್ಟ್ಸ್‌ಗೆ ಲೋಡ್ ಸರಿಯುವುದು ಕೇವಲ 5%.

ಮೋಡ್ ಬದಲಿಸುವ ಸಿಗ್ನಲ್ ಬ್ರೇಕರ್‌ ತೆರೆದಿದೆಯೋ ಮುಚ್ಚಿದೆಯೋ ತಿಳಿಸುವ ಅದರ ಆಕ್ಸಿಲರಿ ಕಾಂಟ್ಯಾಕ್ಟ್‌ನಿಂದಲೇ ಬರಲಿ. ಟೈಮರ್ ನಂಬಬೇಡಿ. ಆದರೆ ಊರಾಚೆಯ ಬ್ರೇಕರ್ ತೆರೆದರೆ ನಿಮ್ಮದಕ್ಕೆ ತಿಳಿಯದು. ಅದಕ್ಕೇ ಫ್ರೀಕ್ವೆನ್ಸಿ ಬದಲಾಗುವ ವೇಗ ನೋಡುವ ರಿಲೇ ಬೇಕು. ಲೋಡ್ ಮತ್ತು ಉತ್ಪಾದನೆ ಸರಿಸಮವಿದ್ದರೆ ಅದಕ್ಕೂ ಕಾಣದೇ ಹೋಗಬಹುದು.

ಮತ್ತೆ ಸೇರಿಸುವಾಗ ಸಿಂಕ್ ಚೆಕ್ ರಿಲೇ ನೋಡುವುದು ಗ್ರಿಡ್ ಬ್ರೇಕರ್‌ನ ಎರಡೂ ಬದಿ: ಫ್ರೀಕ್ವೆನ್ಸಿ, ವೋಲ್ಟೇಜ್ ಮತ್ತು ಅಲೆಗಳ ಕೋನ ಹೊಂದುತ್ತವೆಯೇ ಎಂದು. 500 ಕೆವಿಎವರೆಗಿನ ಯಂತ್ರಕ್ಕೆ ಐಇಇಇ 1547ರ (ಜನರೇಟರ್‌ಗಳನ್ನು ಗ್ರಿಡ್‌ಗೆ ಜೋಡಿಸುವ ಮಾನದಂಡ) ಪ್ರಕಾರ ವ್ಯತ್ಯಾಸದ ಮಿತಿ 0.3 ಹರ್ಟ್ಸ್, 10% ವೋಲ್ಟೇಜ್, 20 ಡಿಗ್ರಿ. ನನ್ನ ಮಟ್ಟಿಗೆ 0.1 ಹರ್ಟ್ಸ್, 10 ಡಿಗ್ರಿ ಸಾಕು. ಬ್ರೇಕರ್ ಮುಚ್ಚಲು 80 ಮಿಲಿಸೆಕೆಂಡ್ ಬೇಕಾದರೆ 0.1 ಹರ್ಟ್ಸ್ ಸ್ಲಿಪ್‌ಗೆ (ಎರಡು ಬದಿಯ ಫ್ರೀಕ್ವೆನ್ಸಿ ವ್ಯತ್ಯಾಸ) ಕೋನ ಸುಮಾರು 3 ಡಿಗ್ರಿ ಸರಿಯುತ್ತದೆ. ಮುಚ್ಚುವ ಆದೇಶ ಅಷ್ಟು ಮುಂಚೆ ಹೋಗಬೇಕು.

ಜನರೇಟರ್‌ನ ನ್ಯೂಟ್ರಲ್ ಮರೆಯಬೇಡಿ: ಗ್ರಿಡ್ ಬಿಟ್ಟು ಒಂಟಿಯಾಗಿ ನಡೆಯುವಾಗ ಅದಕ್ಕೆ ಅರ್ತಿಂಗ್ ಇಲ್ಲದಿದ್ದರೆ ಅರ್ತ್ ಫಾಲ್ಟ್ ರಿಲೇ ಸುಮ್ಮನಿರುತ್ತದೆ.