ಆಕ್ಲೆಂಡ್ ಮಳೆ, ರೇನ್‌ಕೋಟ್ ಜಿಪ್ಪು, ವೈಗಾಟ್ಸ್ಕಿ

ಊರಲ್ಲಿ ಡಿ.ಎಡ್ ಮಾಡುವಾಗ, ಮಕ್ಕಳು ಹೇಗೆ ಕಲೀತಾರೆ ಅಂತ ಹೇಳಿದ ಮನಶ್ಶಾಸ್ತ್ರಜ್ಞರು ಪಿಯಾಜೆ, ವೈಗಾಟ್ಸ್ಕಿ ಅಂದ್ರೆ ನಮಗೆ ಪರೀಕ್ಷೆ ಪ್ರಶ್ನೆ ಅಷ್ಟೇ, ಗೈಡ್ ನೋಡಿ ಉರು ಹೊಡೆದು ಬರೆದು ಬಂದ್ವಿ, ಆಮೇಲೆ ಮರೆತ್ವಿ. ಅವರನ್ನ ಮತ್ತೆ ಭೇಟಿ ಆಗಿದ್ದು ಇಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಲ್ಲಿ, ನಾನು ಟೀಚರ್ ಆಗಿರೋ ಶಿಶುವಿಹಾರದಲ್ಲಿ, ಅದೂ ಮಕ್ಕಳು ಬೂಟು ಕೋಟು ಬಿಚ್ಚಿಡೋ ಜಾಗದಲ್ಲಿ.

ಜುಲೈ ಇಲ್ಲಿ ಚಳಿಗಾಲ, ಜೊತೆಗೆ ಬಿಡದ ಮಳೆ. ಆದ್ರೂ ಮಕ್ಕಳು ಹೊರಗೇ ಆಡಬೇಕು, ಗಮ್‌ಬೂಟ್ ಹಾಕ್ಕೊಂಡು ಕೊಚ್ಚೆಗೆ ಧುಮುಕೋದೇ ಕೆಲಸ (ನಮ್ಮಮ್ಮ ವಿಡಿಯೋ ಕಾಲಲ್ಲಿ ನೋಡಿ "ನಿಂಗೆ ಸಂಬಳ ಕೊಡೋದು ಇದಕ್ಕಾ" ಅಂದ್ಲು). ಹೊರಗೆ ಹೋಗೋ ಮುಂಚೆ ಎಲ್ಲರಿಗೂ ರೇನ್‌ಕೋಟ್. ಎರಡು ವರ್ಷ ದಾಟಿದ ಮಕ್ಕಳು ಇಪ್ಪತ್ತು ಜನಕ್ಕೆ ಕಮ್ಮಿ ಅಂದ್ರೂ ಇಬ್ಬರು ಟೀಚರ್ ಅಂತ ರೂಲ್ಸು, ನನ್ನ ಪಾಲಿಗೆ ಹತ್ತು, ನಾನು ನಮ್ಮೂರ ಸ್ಪೀಡಲ್ಲಿ ಹತ್ತೂ ಜಿಪ್ಪು ಸರ್ ಸರ್ ಅಂತ ಎಳೆದು ನಿಮಿಷದಲ್ಲಿ ರೆಡಿ ಮಾಡಿ ಹೆಮ್ಮೆಯಿಂದ ನಿಂತೆ. ಜೊತೆ ಕೆಲಸ ಮಾಡೋ ಹಿರಿ ಟೀಚರ್ ಆಮೇಲೆ ಟೀ ಕುಡಿಯುವಾಗ ಮೆಲ್ಲಗೆ ಕೇಳಿದ್ರು, "ಹತ್ತು ಮಕ್ಕಳ ಕೆಲಸ ನೀನೇ ಮಾಡಿದ್ಯಲ್ಲ, ಅವರೇನು ಮಾಡಬೇಕು?" ನಿಜವಾಗ್ಲೂ ಮುಖ ಸಣ್ಣದಾಯ್ತು.

ವೈಗಾಟ್ಸ್ಕಿ ಹೇಳಿದ್ದು ಇದನ್ನೇ ಅಲ್ವಾ, ಮಗು ಒಂಟಿಯಾಗಿ ಮಾಡೋಕಾಗೋದು ಒಂದು, ಯಾರಾದ್ರೂ ಸ್ವಲ್ಪ ಕೈ ಕೊಟ್ರೆ ಮಾಡೋಕಾಗೋದು ಇನ್ನೊಂದು, ಎರಡರ ನಡುವಿನ ಜಾಗದಲ್ಲೇ ಟೀಚರ್ ಕೆಲಸ. 1976ರಲ್ಲಿ ವುಡ್, ಬ್ರೂನರ್, ರಾಸ್ ಅನ್ನೋ ಸಂಶೋಧಕರು ಮೂರರಿಂದ ಐದು ವರ್ಷದ ಮಕ್ಕಳಿಗೆ ಮರದ ತುಂಡು ಕೊಟ್ಟು ಪಿರಮಿಡ್ ಕಟ್ಟಿಸುವಾಗ ನೋಡಿದ ಇಂಥ ಸಹಾಯಕ್ಕೆ ಸ್ಕ್ಯಾಫೋಲ್ಡಿಂಗ್ ಅಂದ್ರು. ಅಂದ್ರೆ ನಮ್ಮ ಗಾರೆಯವರು ಕಟ್ಟೋ ಸಾರುವೆ. ಗೋಡೆ ಎದ್ದಮೇಲೆ ಬಿಚ್ಚಲೇಬೇಕು, ನಾನು ಗೋಡೇನೇ ನಂದು ಅಂದ್ಕೊಂಡಿದ್ದೆ.

ಒಬ್ಬ ಕನ್ನಡದ ಹುಡುಗ ಇದ್ದ, ನಾಲ್ಕು ವರ್ಷ. ಅವನ ಜೊತೆ ಶುರು ಮಾಡಿದೆ. ಕೋಟಿನ ಕೆಳತುದಿ ನಾನು ಹಿಡಿಯೋದು, ಎಳೆಯೋದು ಅವನು. "ಕೆಳಗೆ ಹಿಡಿ, ತೂರಿಸು, ಮೇಲೆ ಎಳಿ" ಅಂತ ಕನ್ನಡದಲ್ಲೇ ಹೇಳ್ತಿದ್ದೆ, ಇಲ್ಲಿನ ಪಠ್ಯಕ್ರಮ ಟೆ ಫಾರಿಕಿಲಿ ಮನೆಮಾತಿಗೂ ಜಾಗ ಇದೆ, ಇಲ್ಲಿನ ಮೂಲನಿವಾಸಿಗಳ ಮಾವೊರಿ ಭಾಷೇಲಿ ಆ ಹೆಸರಿಗೆ ಹೆಣೆದ ಚಾಪೆ ಅಂತ ಅರ್ಥ, 1996ರಲ್ಲಿ ಬಂದಿದ್ದು. ಹತ್ತು ನಿಮಿಷ ಹಿಡಿಯೋದು ಮಾರಾಯ್ರೆ! ಅವನು ಸಿಟ್ಟಲ್ಲಿ ಕೋಟು ಎಸೀತಾನೆ, ನನ್ನ ಕೈ ತುರಿಕೆ ಬಂದಂಗೆ ಜಿಪ್ಪಿನ ಕಡೆ ಹೋಗುತ್ತೆ, ಹಿಂದೆ ಕಟ್ಕೊಂಡು ನಿಲ್ತಿದ್ದೆ.

ಮೂರನೇ ವಾರ ಒಂದಿನ ಬೇರೆ ಮಗು ಮೂಗು ಒರೆಸ್ತಾ ಇದ್ದೆ, ಹಿಂದೆ ಗೊಣಗಾಟ ಕೇಳಿಸ್ತು. "ಕೆಳಗೆ ಹಿಡಿ... ತೂರಿಸು... ಮೇಲೆ ಎಳಿ." ಯಾರಿಗೂ ಹೇಳ್ತಿಲ್ಲ, ತನಗೆ ತಾನೇ, ನನ್ನ ರಾಗದಲ್ಲೇ! ಮಕ್ಕಳು ಹೀಗೆ ತಮಗೆ ತಾವೇ ಮಾತಾಡೋದನ್ನ ಪಿಯಾಜೆ, ಬೇರೆಯವರ ದೃಷ್ಟಿಯಿಂದ ನೋಡೋಕೆ ಇನ್ನೂ ಬರದ ಮಗುವಿನ ಮಾತು ಅಂದಿದ್ರು, ವೈಗಾಟ್ಸ್ಕಿ ಒಪ್ಪಲಿಲ್ಲ, ದೊಡ್ಡವರ ಮಾತನ್ನ ಮಗು ತನ್ನ ಕೆಲಸಕ್ಕೆ ಬಳಸ್ಕೊಳ್ತಿದೆ, ಆಮೇಲೆ ಅದೇ ಒಳಗಿಳಿದು ಯೋಚನೆ ಆಗುತ್ತೆ ಅಂದ್ರು. ಉರು ಹೊಡೆದಾಗ ತಲೆಗೆ ಹೋಗದ ಸಾಲು ಆಕ್ಲೆಂಡಲ್ಲಿ ಕನ್ನಡದಲ್ಲೇ ಕಿವಿಗೆ ಬಿತ್ತಲ್ಲ, ಕಣ್ಣು ಒದ್ದೆ ಆಯ್ತು.

ಅವತ್ತು ಅವರ ಮನೆಗೆ ಲರ್ನಿಂಗ್ ಸ್ಟೋರಿ ಬರೆದೆ, ಇಲ್ಲಿ ಮಾರ್ಕ್ಸ್ ಕಾರ್ಡ್ ಬದಲು ಮಗು ಏನು ಮಾಡ್ತು ಅಂತ ಕತೆ ಥರ ಬರೆದು ಫೋಟೋ ಹಾಕಿ ಕಳಿಸ್ತೀವಿ. ಅವರಮ್ಮ ರಿಪ್ಲೈ ಕೊಟ್ರು, "ತುಂಬಾ ಖುಷಿ ಆಯ್ತು ಮೇಡಂ, ಎಬಿಸಿಡಿ ಯಾವಾಗಿಂದ?"

ಸಂಜೆ ಕರ್ಕೊಂಡು ಹೋಗೋಕೆ ಬಂದಿದ್ದು ಹಾಸನದಿಂದ ಬಂದಿದ್ದ ಅಜ್ಜಿ. "ಅಯ್ಯೋ ಕಂದ, ಮಳೆ" ಅಂತ ಕೋಟು ತೊಡಿಸಿ ಗಂಟಲವರೆಗೂ ಜಿಪ್ ಎಳೆದೇಬಿಟ್ರು. ನಾನು ಬಾಯಿ ಬಿಡಲಿಲ್ಲ. ಹುಡುಗ ಗೇಟ್ ಹತ್ರ ನಿಂತು ಪೂರ್ತಿ ಕೆಳಗೆ ಎಳೆದ, ಗೊಣಗ್ತಾ ಮತ್ತೆ ಶುರು ಮಾಡಿದ, ಅಜ್ಜಿ ಕೊಡೆ ಹಿಡ್ಕೊಂಡು ಕಾಯ್ತಾ ನಿಂತ್ರು.