ತಗಡಿನ ಡಬ್ಬಿಯಲ್ಲಿದ್ದ ಕಾಗದ

ಕಳೆದ ವರ್ಷ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ಅವಳಿರುವುದು ವರ್ಜೀನಿಯಾದ ಆಶ್‌ಬರ್ನ್‌ನಲ್ಲಿ. ಒಂದು ಶನಿವಾರ ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಇತಿಹಾಸದ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು.

ಅಲ್ಲಿನ ಒಂದು ಪುಟ್ಟ ತಗಡಿನ ಡಬ್ಬಿಯ ಮುಂದೆ ತುಂಬ ಹೊತ್ತು ನಿಂತೆ. ಕೈಯಲ್ಲೇ ಮಾಡಿದ ಡಬ್ಬಿ. ಜೋಸೆಫ್ ಟ್ರ್ಯಾಮಲ್ ಎಂಬ ಕಪ್ಪು ಮನುಷ್ಯ ತನ್ನ ಬಿಡುಗಡೆಯ ಕಾಗದ ಹಾಳಾಗದಿರಲಿ ಎಂದು ಇಟ್ಟುಕೊಂಡಿದ್ದು. ಈತ ಗುಲಾಮನಲ್ಲ ಎಂದು 1852ರಲ್ಲಿ ಬರೆದುಕೊಟ್ಟ ಕಾಗದ ಅದು. ಕೊಟ್ಟಿದ್ದು ವರ್ಜೀನಿಯಾದ ಲೌಡನ್ ಕೌಂಟಿ. ಕೌಂಟಿ ಎಂದರೆ ನಮ್ಮ ಜಿಲ್ಲೆಯಿದ್ದ ಹಾಗೆ.

“ಅಮ್ಮ, ನಮ್ಮನೆ ಇರೋದೂ ಅದೇ ಕೌಂಟಿ” ಎಂದಳು ಮಗಳು.

ಆಗಿನ ವರ್ಜೀನಿಯಾದಲ್ಲಿ ಸ್ವತಂತ್ರರಾದ ಕಪ್ಪು ಜನರೂ ಕೋರ್ಟಿನಲ್ಲಿ ಹೆಸರು ಬರೆಸಬೇಕಿತ್ತು. ವಯಸ್ಸು, ಎತ್ತರ, ಮೈಬಣ್ಣ, ಮೈಮೇಲಿನ ಗಾಯದ ಗುರುತು, ಎಲ್ಲ. ಅದರ ನಕಲು ಸದಾ ಜೊತೆಗಿರಬೇಕು. ಕೇಳಿದಾಗ ತೋರಿಸದಿದ್ದರೆ ಜೈಲು. 1806ರ ಕಾನೂನು ಇನ್ನೂ ಕ್ರೂರ. ಹೊಸದಾಗಿ ಬಿಡುಗಡೆಯಾದವರು 12 ತಿಂಗಳೊಳಗೆ ರಾಜ್ಯ ಬಿಟ್ಟು ಹೋಗಬೇಕು, ಇಲ್ಲದಿದ್ದರೆ ಮತ್ತೆ ಮಾರಿಬಿಡಬಹುದು. ಹೆಂಡತಿ ಮಕ್ಕಳು ಇನ್ನೂ ಗುಲಾಮರಾಗೇ ಇದ್ದರೆ? ಅವರನ್ನು ಬಿಟ್ಟು ಹೇಗೆ ಹೋಗೋದು? ಬೆವರಿಗೋ ಮಳೆಗೋ ಕಾಗದ ನೆನೆದರೆ ಬದುಕೇ ಹೋಯಿತು. ಅದಕ್ಕೇ ಆ ಡಬ್ಬಿ.

ನನಗೆ ಅಜ್ಜನ ನೆನಪಾಯಿತು. ನಮ್ಮಜ್ಜ ಜೀತಕ್ಕಿದ್ದವರು. ತಂಗಿಯ ಮದುವೆಗೆ ಮಾಡಿದ ಸಾಲ. ಎಷ್ಟು ದುಡಿದರೂ ತೀರಲಿಲ್ಲ. ಅದು ಗುಲಾಮಗಿರಿಯಂಥದ್ದೇ ಎಂದು ನಾನು ಹೇಳುತ್ತಿಲ್ಲ. ಅಜ್ಜನನ್ನು ಯಾರೂ ಸಂತೆಯಲ್ಲಿ ಮಾರಲಿಲ್ಲ. ಆದರೆ ಹೊರಟು ಹೋಗುವ ಸ್ವಾತಂತ್ರ್ಯ ಅವರಿಗೂ ಇರಲಿಲ್ಲ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, ಮರುವರ್ಷ ಕಾಯ್ದೆಯಾಯಿತು. ಜೀತ ರದ್ದು, ಸಾಲವೂ ರದ್ದು. ಆಮೇಲೆ ತಾಲ್ಲೂಕು ಕಚೇರಿಯಿಂದ ಅಜ್ಜನಿಗೆ ಬಿಡುಗಡೆ ಪತ್ರ ಸಿಕ್ಕಿತು.

ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದರು. ಓದು ಬರುತ್ತಿರಲಿಲ್ಲ. ಯುಗಾದಿಗೊಮ್ಮೆ ಹೊರಗೆ ತೆಗೆದು ನನ್ನ ಕೈಗೆ ಕೊಡುತ್ತಿದ್ದರು. ಹೆಸರು ಬಂದ ಸಾಲಿಗೆ ತಡೆದು, “ಇನ್ನೊಂದ್ಸಲ ಓದವ್ವ” ಅನ್ನುತ್ತಿದ್ದರು.

ಟ್ರ್ಯಾಮಲ್ ಅವರ ಮನೆತನದವರು ಆ ಡಬ್ಬಿಯನ್ನು ತಲೆಮಾರುಗಳ ಕಾಲ ಕಾಪಾಡಿ ಮ್ಯೂಸಿಯಮ್ಮಿಗೆ ಕೊಟ್ಟರಂತೆ. ನಮ್ಮ ಟ್ರಂಕು ಎಲ್ಲಿದೆ? ಆ ರಾತ್ರಿಯೇ ಅಣ್ಣನಿಗೆ ಫೋನ್ ಮಾಡಿದೆ. ಹುಡುಕಿ ಫೋಟೋ ಕಳಿಸಿದ. ಮಡಿಕೆಗಳಲ್ಲಿ ಹರಿದಿದೆ, ಲ್ಯಾಮಿನೇಶನ್ ಮಾಡಿಸ್ಲಾ ಎಂದು ಕೇಳಿದ. ಬೇಡ, ನಾನು ಬರೋವರೆಗೆ ಮುಟ್ಟಬೇಡ ಅಂದೆ.