ಅಲಾರಂ ಹೊಡೆಯೋಕೆ ಎಷ್ಟು ಪರ್ಮಿಷನ್ ಬೇಕು?

ಮಾತ್ರೆಯ ಹೊತ್ತನ್ನು ನೆನಪಿಸುವ ಒಂದು ಸಣ್ಣ ಆ್ಯಪ್ ನನ್ನದು. ಅದಕ್ಕಿರುವ ಕೆಲಸ ಒಂದೇ. ಹೇಳಿದ ಹೊತ್ತಿಗೆ ಸದ್ದು ಮಾಡಬೇಕು. ಕ್ಯಾಮೆರಾ ಬೇಡ, ಲೊಕೇಶನ್ ಬೇಡ, ಕಾಂಟ್ಯಾಕ್ಟ್ಸ್ ಬೇಡ. ಆದರೂ ಆಂಡ್ರಾಯ್ಡ್‌ನ ಹೊಸ ಆವೃತ್ತಿ ಬಂದಾಗಲೆಲ್ಲ ಹೊಸ ಸೌಲಭ್ಯಗಳನ್ನು ಆಮೇಲೆ ನೋಡುತ್ತೇನೆ. ಮೊದಲು ತೆರೆಯುವುದು ಗೂಗಲ್‌ನ ಬಿಹೇವಿಯರ್ ಚೇಂಜಸ್ (ನಡವಳಿಕೆಯ ಬದಲಾವಣೆ) ಪುಟಗಳನ್ನೇ.

ಪುಟಗಳು ಅಂದೆ, ಯಾಕಂದ್ರೆ ಅವು ಎರಡಿವೆ. ಒಂದು, ಆ ಆವೃತ್ತಿಯ ಫೋನಿನಲ್ಲಿ ಓಡುವ ಎಲ್ಲ ಆ್ಯಪ್‌ಗಳಿಗೂ ತಟ್ಟುವ ಬದಲಾವಣೆ. ಇನ್ನೊಂದು, ಆ ಆವೃತ್ತಿಯನ್ನು ಟಾರ್ಗೆಟ್ ಮಾಡಿದ, ಅಂದರೆ ಅದರ ನಿಯಮಗಳಿಗೆ ಸಿದ್ಧ ಅಂತ ಘೋಷಿಸಿಕೊಂಡ, ಆ್ಯಪ್‌ಗಳಿಗೆ ಮಾತ್ರ. ಎರಡನೆಯದಕ್ಕೆ ಸ್ವಲ್ಪ ಕಾಲಾವಕಾಶ ಇರುತ್ತದೆ, ಅದೂ ಜಾಸ್ತಿ ಇಲ್ಲ. 2025ರ ಆಗಸ್ಟ್ 31ರಿಂದ ಪ್ಲೇ ಸ್ಟೋರ್‌ಗೆ ಹಾಕುವ ಹೊಸ ಆ್ಯಪ್ ಮತ್ತು ಅಪ್‌ಡೇಟ್‌ಗಳು ಕನಿಷ್ಠ ಎಪಿಐ 35 ಅನ್ನು, ಅಂದರೆ ಆಂಡ್ರಾಯ್ಡ್ 15 ಅನ್ನು, ಟಾರ್ಗೆಟ್ ಮಾಡಲೇಬೇಕು. ಮೊದಲನೆಯದು ಯಾರನ್ನೂ ಕೇಳುವುದಿಲ್ಲ. ಬಳಕೆದಾರರು ಫೋನ್ ಅಪ್‌ಡೇಟ್ ಮಾಡಿದ ದಿನವೇ ಬಂದುಬಿಡುತ್ತದೆ.

ಕೆಲವು ಬದಲಾವಣೆಗಳಲ್ಲಿ ಇವೆರಡೂ ಬೆರೆತಿರುತ್ತವೆ. 2022ರ ಆಂಡ್ರಾಯ್ಡ್ 13ರಲ್ಲಿ ನೋಟಿಫಿಕೇಶನ್‌ಗೂ ಪರ್ಮಿಷನ್ ಬೇಕಾಯಿತು. ಅದು ಎಲ್ಲ ಆ್ಯಪ್‌ಗಳಿಗೂ ಅನ್ವಯ. ಆದರೆ ಯಾವಾಗ ಕೇಳಬೇಕು ಅನ್ನುವುದು ನಮ್ಮ ಕೈಗೆ ಸಿಗೋದು ಎಪಿಐ 33 (ಅಂದರೆ ಆಂಡ್ರಾಯ್ಡ್ 13) ಟಾರ್ಗೆಟ್ ಮಾಡಿದರೆ ಮಾತ್ರ. 32ರಲ್ಲೇ ಉಳಿದರೆ, ಆ್ಯಪ್ ನೋಟಿಫಿಕೇಶನ್ ಚಾನೆಲ್ (ಒಂದು ಬಗೆಯ ನೋಟಿಫಿಕೇಶನ್‌ಗಳ ಗುಂಪು) ಮಾಡಿದ ಕೂಡಲೇ ಸಿಸ್ಟಮ್ ತಾನೇ ಕೇಳಿಬಿಡುತ್ತದೆ. ಒಂದು ಮಾತ್ರೆಯ ಹೆಸರನ್ನೂ ಇನ್ನೂ ಬರೆದಿಲ್ಲದವರು ಆ ಪ್ರಶ್ನೆ ಕಂಡರೆ ಬೇಡ ಅನ್ನೋದು ಸಹಜ ಅಲ್ವಾ? ನಾವೇ ಕೇಳಿದರೂ ಎರಡು ಸಲ ಬೇಡ ಅಂದರೆ ಮುಗಿಯಿತು. ಆಂಡ್ರಾಯ್ಡ್ 11ರಿಂದ ಮೂರನೇ ಸಲ ಆ ಕಿಟಕಿ ತೆರೆಯುವುದೇ ಇಲ್ಲ. ಹಾಗಾಗಿ ಮೊದಲ ಮಾತ್ರೆ ಸೇರಿಸಿ ಸೇವ್ ಒತ್ತಿದ ಮೇಲಷ್ಟೇ ನನ್ನ ಆ್ಯಪ್ ಕೇಳುತ್ತದೆ. ಯಾಕೆ ಕೇಳುತ್ತಿದೆ ಅಂತ ಆ ಹೊತ್ತಿಗೆ ಯಾರೂ ವಿವರಿಸಬೇಕಿಲ್ಲ.

ಇನ್ನು ಅಲಾರಂ. ಇದರ ಕಥೆ 2015ರ ಆಂಡ್ರಾಯ್ಡ್ 6ರಿಂದ ಶುರು. ಚಾರ್ಜಿಗೆ ಹಾಕದ ಫೋನು ಸ್ಕ್ರೀನ್ ಆಫ್ ಆಗಿ, ಅಲುಗಾಡದೆ ಬಿದ್ದಿದ್ದರೆ ಡೋಜ್ ಅನ್ನುವ, ಬ್ಯಾಟರಿ ಉಳಿಸುವ ನಿದ್ದೆಯ ಸ್ಥಿತಿಗೆ ಹೋಗುತ್ತದೆ. ಮಾಮೂಲಿ ಅಲಾರಂಗಳನ್ನು ಆಗ ತಡೆದಿಡುತ್ತದೆ. ಡೋಜ್‌ನಲ್ಲೂ ಹೊಡೆಯುವಂಥ ಅಲಾರಂಗೆ ಬೇರೆ ಕಮಾಂಡ್ ಇದೆ, ಆದರೆ ಒಂದು ಆ್ಯಪ್‌ಗೆ 9 ನಿಮಿಷಕ್ಕೆ ಒಂದೇ. 8 ಗಂಟೆಗೆ ಒಂದು ಮಾತ್ರೆ, 8:05ಕ್ಕೆ ಇನ್ನೊಂದು ಇದ್ದರೆ ಎರಡನೆಯದು ತಡವಾಗಬಹುದು. ಅದಕ್ಕೇ ನಾನು ಬಳಸೋದು ‘ಸೆಟ್ ಅಲಾರಂ ಕ್ಲಾಕ್’. ಅದಕ್ಕೆ ಡೋಜ್ ಅಡ್ಡ ಬರುವುದಿಲ್ಲ. ಫೋನಿನ ಮೇಲ್ಪಟ್ಟಿಯಲ್ಲಿ ಅಲಾರಂ ಚಿಹ್ನೆಯೂ ಕಾಣುತ್ತದೆ. ಕೆಲವು ಡೆವಲಪರ್‌ಗಳಿಗೆ ಆ ಚಿಹ್ನೆ ಕಿರಿಕಿರಿ. ನನಗೆ ಅದು ಬೇಕು. ಏನೋ ಒಂದು ಹೊಡೆಯಲಿದೆ ಅಂತ ಮಾತ್ರೆ ತಗೊಳ್ಳುವವರಿಗೆ ಗೊತ್ತಿರಲಿ.

2021ರ ಆಂಡ್ರಾಯ್ಡ್ 12ರಲ್ಲಿ ನಿಖರ ಅಲಾರಂಗೇ ಒಂದು ಪರ್ಮಿಷನ್ ಬಂತು. ಆಗ ಅದು ತಾನಾಗಿ ಸಿಗುತ್ತಿತ್ತು, ಬೇಕಿದ್ದರೆ ಬಳಕೆದಾರರು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದಿತ್ತು. ಆಫ್ ಮಾಡಿದರೆ ಸಿಸ್ಟಮ್ ಆ್ಯಪ್ ಅನ್ನು ನಿಲ್ಲಿಸಿ, ಮುಂದಿನ ನಿಖರ ಅಲಾರಂಗಳನ್ನೆಲ್ಲ ಅಳಿಸುತ್ತದೆ. 13ರಲ್ಲಿ ಕೇಳದೆಯೇ ಸಿಗುವ ಇನ್ನೊಂದು ಪರ್ಮಿಷನ್ ಬಂತು, ಆದರೆ ಪ್ಲೇ ಸ್ಟೋರ್ ನಿಯಮದ ಪ್ರಕಾರ ಅದು ಅಲಾರಂ, ಟೈಮರ್, ಕ್ಯಾಲೆಂಡರ್ ಥರದ ಆ್ಯಪ್‌ಗಳಿಗೆ ಮೀಸಲು. ಮಾತ್ರೆ ನೆನಪಿಸುವ ಆ್ಯಪ್ ಆ ಗೆರೆಯ ಮೇಲೇ ನಿಲ್ಲುತ್ತದೆ. ಅದಕ್ಕೇ ನಾನು ಕೇಳಿ ಪಡೆಯುವ ದಾರಿಯಲ್ಲೇ ಇದ್ದೇನೆ. 2023ರ ಆಂಡ್ರಾಯ್ಡ್ 14 ಬಂದಾಗ ಆ ದಾರಿ ಕಠಿಣವಾಯಿತು. ಎಪಿಐ 33 ಅಥವಾ ಅದಕ್ಕಿಂತ ಮೇಲಕ್ಕೆ ಟಾರ್ಗೆಟ್ ಮಾಡಿದ ಆ್ಯಪ್ ಅನ್ನು ಹೊಸದಾಗಿ ಹಾಕಿಕೊಂಡರೆ ಪರ್ಮಿಷನ್ ಮೊದಲಿಗೆ ಇರುವುದೇ ಇಲ್ಲ.

ಇದರಿಂದ ಎಂಥವರಿಗೆ ತೊಂದರೆ ಅಂತ ಒಂದು ಮೇಲ್ ನೋಡಿದಾಗ ಗೊತ್ತಾಯಿತು. "ಅಪ್ಪನಿಗೆ ಹೊಸ ಫೋನ್ ಕೊಡಿಸಿದೆ. ಮಾತ್ರೆ ಪಟ್ಟಿ ಎಲ್ಲ ಸರಿಯಾಗಿ ಬಂದಿದೆ. ಆದರೆ ಟೈಮಿಗೆ ಸರಿಯಾಗಿ ಅಲಾರಂ ಹೊಡೀತಿಲ್ಲ." ಹಳೇ ಫೋನಿನಲ್ಲಿ 13 ಇದ್ದು, ಅದೇ ಫೋನು 14ಕ್ಕೆ ಏರಿದರೆ ಪರ್ಮಿಷನ್ ಉಳಿಯುತ್ತದೆ. ಬ್ಯಾಕಪ್‌ನಿಂದ 14 ಇರುವ ಹೊಸ ಫೋನಿಗೆ ಹೋದರೆ ಪಟ್ಟಿ ಬರುತ್ತದೆ, ಹೊತ್ತು ಬರುತ್ತದೆ, ಪರ್ಮಿಷನ್ ಬರುವುದಿಲ್ಲ. ಪರದೆ ನೋಡಿದವರಿಗೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಹಾಗಾಗಿ ‘ಪರ್ಮಿಷನ್ ಸಿಕ್ಕಿದೆ’ ಅನ್ನುವ ಗುರುತನ್ನು ದಯವಿಟ್ಟು ಆ್ಯಪ್‌ನೊಳಗೆ ಬರೆದಿಡಬೇಡಿ. ಬ್ಯಾಕಪ್ ಜೊತೆ ಆ ಗುರುತೂ ಹೊಸ ಫೋನಿಗೆ ಬಂದು ಕೂರುತ್ತದೆ. ಅಲಾರಂ ಇಡುವ ಪ್ರತಿ ಸಲವೂ ಸಿಸ್ಟಮ್ ಅನ್ನೇ ಕೇಳಿ. ಪರ್ಮಿಷನ್ ಇಲ್ಲ ಅಂತ ಸಿಸ್ಟಮ್ ಹೇಳಿದರೆ ನನ್ನ ಆ್ಯಪ್ ನಿಖರವಲ್ಲದ ಅಲಾರಂ ಇಟ್ಟು, ಮೇಲ್ಗಡೆ ಒಂದು ಹಳದಿ ಪಟ್ಟಿ ತೋರಿಸುತ್ತದೆ: ‘ಅಲಾರಂ ತಡವಾಗಬಹುದು. ಸರಿಮಾಡಲು ಇಲ್ಲಿ ಒತ್ತಿ.’ ಒತ್ತಿದರೆ ನೇರ ಸೆಟ್ಟಿಂಗ್ಸ್‌ನ ಆ ಪುಟಕ್ಕೇ ಹೋಗುತ್ತದೆ. ಪರ್ಮಿಷನ್ ಸಿಕ್ಕ ಸುದ್ದಿ ಬಂದ ಕೂಡಲೇ ಎಲ್ಲ ಅಲಾರಂಗಳನ್ನೂ ಮತ್ತೆ ಇಡುತ್ತದೆ.

ಇಷ್ಟಾದರೂ ನಾನು ಈ ಕಟ್ಟುಪಾಡುಗಳ ಪರವೇ. ಸುಮ್ನೆ ಸುಮ್ನೆ ಫೋನನ್ನು ಎಬ್ಬಿಸುವ ಆ್ಯಪ್‌ಗಳಿಂದ ಬ್ಯಾಟರಿ ಖಾಲಿಯಾದರೆ ರಾತ್ರಿಯ ಮಾತ್ರೆಗೂ ಅಲಾರಂ ಇಲ್ಲ.

ಬಳಸದ ಆ್ಯಪ್‌ಗಳ ನಿಯಮದ ಬಗ್ಗೆ ಮಾತ್ರ ನನಗೆ ತಕರಾರಿದೆ. ಕೆಲವು ತಿಂಗಳು ಬಳಸದಿದ್ದರೆ ಆಂಡ್ರಾಯ್ಡ್ 11 ಪರ್ಮಿಷನ್ ವಾಪಸ್ ತಗೊಳ್ಳುತ್ತದೆ, 12 ಆ್ಯಪ್ ಅನ್ನೇ ಮಲಗಿಸುತ್ತದೆ. ನೋಟಿಫಿಕೇಶನ್ ನೋಡಿ, ಸರಿಸಿ ಹಾಕಿ, ಮಾತ್ರೆ ನುಂಗುವವರು ನನ್ನ ಆ್ಯಪ್ ಅನ್ನು ದಿನವೂ ಬಳಸುತ್ತಿದ್ದಾರೆ. ಸಿಸ್ಟಮ್ ಲೆಕ್ಕದಲ್ಲಿ ಸರಿಸಿ ಹಾಕೋದು ಬಳಕೆಯಲ್ಲ. ಅದಕ್ಕೇ ನೋಟಿಫಿಕೇಶನ್‌ನಲ್ಲೇ ದೊಡ್ಡದಾಗಿ ‘ತಗೊಂಡೆ’ ಬಟನ್ ಇಟ್ಟಿದ್ದೇನೆ. ಅದನ್ನು ಒತ್ತಿದರೆ ಬಳಕೆ ಅಂತ ಲೆಕ್ಕಕ್ಕೆ ಸಿಗುತ್ತದೆ.

ಐಫೋನ್ ಕಥೆ ಚಿಕ್ಕದು. ಅಲ್ಲಿ ನೋಟಿಫಿಕೇಶನ್ ಪ್ರಶ್ನೆ ಒಂದೇ ಸಲ ಬರುತ್ತದೆ. ಜೊತೆಗೆ ಮುಂದಿನ 64 ನೋಟಿಫಿಕೇಶನ್‌ಗಳನ್ನಷ್ಟೇ ಸಿಸ್ಟಮ್ ಇಟ್ಟುಕೊಳ್ಳುತ್ತದೆ. ಪ್ರತಿ ಡೋಸ್‌ಗೂ ಬೇರೆಬೇರೆ ಇಟ್ಟರೆ, ದಿನಕ್ಕೆ 4ರಂತೆ 16 ದಿನಕ್ಕೆ ಖಾಲಿ. ಆದ್ದರಿಂದ 64ನೆಯದನ್ನು ‘ಒಮ್ಮೆ ಆ್ಯಪ್ ತೆರೆಯಿರಿ’ ಅನ್ನುವ ಸಂದೇಶಕ್ಕೆ ಮೀಸಲಿಟ್ಟಿದ್ದೇನೆ.

ಪರೀಕ್ಷೆ ಮಾಡುವಾಗ ‘ಎಡಿಬಿ ಶೆಲ್ ಡಂಪ್‌ಸಿಸ್ ಡಿವೈಸ್‌ಐಡಲ್ ಫೋರ್ಸ್-ಐಡಲ್’ ಅನ್ನುವ ಕಮಾಂಡನ್ನು ಕಂಪ್ಯೂಟರ್‌ನಿಂದ ಕೊಟ್ಟು ಫೋನನ್ನು ಡೋಜ್‌ಗೆ ತಳ್ಳಿ ನೋಡಿ, ಸುಮ್ನೆ ಗಂಟೆಗಟ್ಟಲೆ ಕಾಯಬೇಕಿಲ್ಲ. ಎಪಿಐ 35ಕ್ಕೆ ಏರಿಸುವವರು ಇನ್ನೊಂದನ್ನೂ ಗಮನಿಸಿ. ಆಂಡ್ರಾಯ್ಡ್ 15ರಲ್ಲಿ ಆ್ಯಪ್‌ನ ಪರದೆ ಅಂಚಿನಿಂದ ಅಂಚಿಗೆ ಹರಡುತ್ತದೆ. ಇನ್‌ಸೆಟ್ಸ್ (ಅಂಚಿನಲ್ಲಿ ಬಿಡಬೇಕಾದ ಜಾಗ) ಸರಿಯಾಗಿ ಕೊಡದಿದ್ದರೆ ಮೇಲ್ಗಡೆ ಇಟ್ಟ ಎಚ್ಚರಿಕೆಯ ಪಟ್ಟಿ ಗಡಿಯಾರ, ಬ್ಯಾಟರಿ ಚಿಹ್ನೆಗಳ ಹಿಂದೆ ಹೋಗಿ ಸೇರಿಕೊಳ್ಳುತ್ತದೆ.